ಎರಡು ಪಾಠಶಾಲೆಯ ಮೊಮ್ಮಗಳು: ಬಿ. ಜಯಶ್ರೀ ಅವರ ಬಗ್ಗೆ ಬರೀಲೇಬೇಕು ಅನ್ಸಿದ್ದು

ರಂಗನಟಿ, ನಿರ್ದೇಶಕಿ ಬಿ. ಜಯಶ್ರೀ ಅವರ ಬಗ್ಗೆ ಯಾರೇ ಮಾತು ಶುರು ಮಾಡಿದ್ರೂ ಮೊದಲ ಸಾಲು ಒಂದೇ, "ಗುಬ್ಬಿ ವೀರಣ್ಣನವರ ಮೊಮ್ಮಗಳಲ್ವಾ, ರಕ್ತದಲ್ಲೇ ಬಂದಿದೆ ಬಿಡಿ". ಸನ್ಮಾನದ ಭಾಷಣದಲ್ಲೂ ಇದೇ, ನಾಟಕ ಮುಗಿದ ಮೇಲೆ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ನಿಂತು ಟೀ ಕುಡಿಯೋರ ಬಾಯಲ್ಲೂ ಇದೇ. ಹೊಗಳಿಕೆ ಅಂತಲೇ ಹೇಳ್ತಾರೆ, ನಂಗೊತ್ತು. ಆದ್ರೂ ಕೇಳಿದಾಗೆಲ್ಲ ಮನಸ್ಸಿಗೆ ಕಷ್ಟ ಆಗುತ್ತೆ, ಯಾಕಂದ್ರೆ ರಕ್ತದಲ್ಲಿ ಬಂತು ಅಂದ್ಬಿಟ್ರೆ ಅವರು ವರ್ಷಗಟ್ಟಲೆ ಕೂತು, ನಿಂತು, ಹಾಡಿ, ಬೈಸಿಕೊಂಡು ಕಲಿತಿದ್ದಕ್ಕೆ ಲೆಕ್ಕವೇ ಇಲ್ಲದ ಹಾಗಾಗುತ್ತೆ. ವೀರಣ್ಣನವರ ವಂಶದಲ್ಲಿ ಹುಟ್ಟಿದವರೆಲ್ಲ ಜಯಶ್ರೀ ಆಗ್ಲಿಲ್ಲ ಅಲ್ವಾ.

ನಾನು ಒಂದು ಹವ್ಯಾಸಿ ತಂಡದಲ್ಲಿ ಲೈಟಿಂಗು, ಬ್ಯಾಕ್‌ಸ್ಟೇಜು ಅಂತ ಓಡಾಡಿಕೊಂಡಿರೋನು, ನಟ ಅಲ್ಲ. ಸೈಡ್‌ವಿಂಗ್‌ನಲ್ಲಿ ನಿಂತು ನಟರನ್ನ ನೋಡೋನಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತೆ, ಯಾರಿಗೆ ತಾಲೀಮು ಆಗಿದೆ ಯಾರಿಗೆ ಆಗಿಲ್ಲ ಅಂತ. ಮೈಕ್ ಕೈಕೊಟ್ಟಾಗ, ಎದುರಿನ ಪಾತ್ರಧಾರಿ ಮಾತು ಮರೆತಾಗ, ಪ್ರೇಕ್ಷಕರು ನಗಬೇಕಾದ ಕಡೆ ನಗದೇ ಇದ್ದಾಗ ಗೊತ್ತಾಗಿಬಿಡುತ್ತೆ. ಆ ಕಣ್ಣಿಂದ ನೋಡಿದ್ರೆ ಜಯಶ್ರೀ ಅವರಷ್ಟು ತಯಾರಾಗಿರೋ ನಟಿ ಕನ್ನಡದಲ್ಲಿ ತುಂಬಾ ಕಡಿಮೆ. ಮತ್ತೆ ಅವರ ತಯಾರಿ ಒಂದು ಕಡೆ ಆಗಿದ್ದಲ್ಲ, ಒಂದಕ್ಕೊಂದು ಸಂಬಂಧನೇ ಇಲ್ಲದ ಎರಡು ಕಡೆ ಆಗಿದ್ದು. ಅದನ್ನ ಹೇಳೋಕೇ ಈ ಪೋಸ್ಟು.

ಮೊದಲನೇದು ಕಂಪನಿ, ಅಂದ್ರೆ ಊರೂರಲ್ಲಿ ಕ್ಯಾಂಪ್ ಹಾಕಿ ಟಿಕೆಟ್ ಇಟ್ಟು ನಾಟಕ ಆಡ್ತಿದ್ದ ವೃತ್ತಿ ತಂಡ. ಗುಬ್ಬಿ ಕಂಪನಿ, ಅಂದ್ರೆ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಚಿಕ್ಕ ಹುಡುಗನಾಗಿ ಸೇರಿ ಆಮೇಲೆ 1917ರಲ್ಲಿ ಅದರ ಮಾಲೀಕರೇ ಆದ್ರು. 1934ರ ಹೊತ್ತಿಗೆ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆ ಸ್ಟೇಜಿಗೆ ತಂದ ಕಂಪನಿ ಅದು. ಜಯಶ್ರೀ ಹುಟ್ಟಿದ್ದು 1950ರಲ್ಲಿ, ತಾಯಿ ಜಿ.ವಿ. ಮಾಲತಮ್ಮ ವೀರಣ್ಣನವರ ಮಗಳು, ತಾವೂ ಕಲಾವಿದೆ. ಹಾಗಾಗಿ ಈ ಮಗು ಕಣ್ಣು ಬಿಟ್ಟಿದ್ದೇ ಬಣ್ಣ ಹಚ್ಚೋರ ಮಧ್ಯೆ, ಚಿಕ್ಕಂದಿನಲ್ಲೇ ಸ್ಟೇಜ್ ಹತ್ತಿದ್ದೂ ಆಯ್ತು.

ಕಂಪನಿ ಅಂದ್ರೆ ಈಗಿನವರು ಝಗಮಗ ಸೀನರಿ, ಜೋರು ಡೈಲಾಗು ಅಷ್ಟೇ ಅಂದ್ಕೋತಾರೆ. ಅದೊಂದು ಸ್ಕೂಲು ಅನ್ನೋದು ಯಾರ ತಲೆಗೂ ಬರಲ್ಲ. ಸರ್ಟಿಫಿಕೇಟ್ ಕೊಡ್ತಿರಲಿಲ್ಲ ಅಷ್ಟೇ. ಒಂದೂರಲ್ಲಿ ಕ್ಯಾಂಪ್ ಹಾಕಿದ್ರೆ ತಿಂಗಳುಗಟ್ಟಲೆ ಅಲ್ಲೇ, ರಾತ್ರಿ ನಾಟಕ, ಬೆಳಗ್ಗೆ ಮೇಷ್ಟ್ರ ಹತ್ರ ಪಾಠ, ಹಾರ್ಮೋನಿಯಂ ಮುಂದೆ ಕೂತು ಮಟ್ಟು ಒಪ್ಪಿಸೋದು, ಮತ್ತೆ ರಾತ್ರಿ ಬೆಲ್ಲು. ಇವತ್ತು ಪೌರಾಣಿಕ, ನಾಳೆ ಸಾಮಾಜಿಕ, ನಾಡಿದ್ದು ಭಕ್ತಿ ನಾಟಕ. ಯಾರಿಗಾದ್ರೂ ಜ್ವರ ಬಂತು ಅಂದ್ರೆ ಅವರ ಪಾತ್ರ ಇನ್ನೊಬ್ಬರು ಮಾಡ್ಲೇಬೇಕು, ಟಿಕೆಟ್ ಕೊಟ್ಟು ಬಂದಿರೋ ಜನ ವಾಪಸ್ ಹೋಗೋ ಹಾಗಿಲ್ಲ. ಹಾಗಾಗಿ ಅಲ್ಲಿ ಬೆಳೆದೋರಿಗೆ ತಮ್ಮ ಪಾತ್ರ ಮಾತ್ರ ಬರ್ತಿರಲಿಲ್ಲ, ಇಡೀ ನಾಟಕ ಬಾಯಿಗೆ ಬರ್ತಿತ್ತು. ದಿನಾ ಕೇಳಿ ಕೇಳಿ ರಾಣಿ ಮಾತೂ ಗೊತ್ತು, ದಾಸಿ ಮಾತೂ ಗೊತ್ತು, ಹಾಸ್ಯಗಾರನ ಟೈಮಿಂಗೂ ಗೊತ್ತು.

ಅದ್ರಲ್ಲಿ ಹಾಸ್ಯದ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ವೀರಣ್ಣನವರ ದೊಡ್ಡ ಹೆಸರು ಇದ್ದಿದ್ದೇ ಹಾಸ್ಯಕ್ಕೆ. ಕಂಪನಿ ನಾಟಕದಲ್ಲಿ ಸೀನ್ ಬದಲಾಗೋದು ಪರದೆಯಿಂದ. ಹಿಂದೆ ಅರಮನೆ ದರ್ಬಾರಿನ ಸೆಟ್ಟು ಕಟ್ಟೋಕೆ ಟೈಮ್ ಬೇಕು, ಅಷ್ಟು ಹೊತ್ತು ಜನರನ್ನ ಕತ್ತಲಲ್ಲಿ ಕೂರ್ಸೋ ಹಾಗಿಲ್ಲ, ಹಾಗಾಗಿ ಮುಂದೆ ರಸ್ತೆ ಪರದೆ (ಬೀದಿ ಚಿತ್ರ ಬರೆದಿರೋ ಪರದೆ) ಬಿಟ್ಟು ಅದರ ಮುಂದೆ ಒಂದು ಹಾಸ್ಯದ ಸೀನ್ ನಡೆಸ್ತಾರೆ. ಪರದೆ ಹಿಂದೆ ಸಿಂಹಾಸನ ಎಳೀತಿರ್ತಾರೆ, ಕಂಬ ನಿಲ್ಲಿಸ್ತಿರ್ತಾರೆ, ಮುಂದೆ ನಿಂತಿರೋ ನಟನಿಗೆ ಒಂದು ಕಿವಿ ಆ ಕಡೆನೇ. ಹಿಂದೆ ಕೆಲಸ ಮುಗಿಯೋವರೆಗೂ ಎಳೀಬೇಕು, ಮುಗೀತು ಅಂತ ಸನ್ನೆ ಸಿಕ್ಕ ತಕ್ಷಣ ಚೆನ್ನಾಗಿ ಒಂದು ನಗು ತಗೊಂಡು ಹೊರಡಬೇಕು. ಬರೆದಿರೋ ಮಾತು ಮೂರು ನಿಮಿಷದ್ದು ಇರುತ್ತೆ, ಒಂದಿನ ಅದು ಎಂಟು ನಿಮಿಷಕ್ಕೆ ಹಿಗ್ಗಬೇಕು, ಇನ್ನೊಂದಿನ ಎರಡಕ್ಕೇ ಮುಗೀಬೇಕು. ಇವತ್ತು ಇಂಪ್ರೊವೈಸೇಶನ್ ಅಂತ ದುಡ್ಡು ಕೊಟ್ಟು ವರ್ಕ್‌ಶಾಪ್‌ನಲ್ಲಿ ಕಲೀತೀವಲ್ಲ, ಅವರು ಅದನ್ನ ಪ್ರತಿ ರಾತ್ರಿ ಸಾವಿರ ಜನರ ಮುಂದೆ ಮಾಡ್ತಿದ್ರು.

ಇನ್ನು ಗಂಟಲು. ಮೈಕ್ ಸರಿಯಾಗಿ ಇಲ್ಲದ ಕಾಲದಲ್ಲಿ, ತಗಡು ಶೀಟಿನ ಥಿಯೇಟರ್‌ನಲ್ಲಿ, ಹಿಂದೆ ಕೊನೇಲಿ ಕೂತೋನಿಗೂ ಮಾತು ಕೇಳ್ಬೇಕು. ಕೇಳ್ಸೋಕೆ ಅಂತ ಕಿರುಚಿದ್ರೆ ಮೂರನೇ ದಿನಕ್ಕೆ ಗಂಟಲು ಬಿದ್ದೋಗುತ್ತೆ, ಕ್ಯಾಂಪು ಇನ್ನೂ ಮೂರು ತಿಂಗಳಿದೆ. ಹಾಗಾಗಿ ಉಸಿರು ಹೊಟ್ಟೆಯಿಂದ ತೆಗಿಯೋದು, ಅಕ್ಷರ ಒಡೆದು ಹೇಳೋದು, ಸಾಲಿನ ಕೊನೇ ಅಕ್ಷರ ನುಂಗದೇ ಇರೋದು, ಇದೆಲ್ಲ ಬದುಕೋಕೆ ಬೇಕಾಗಿ ಕಲಿತಿದ್ದು. ರಾಜ್‌ಕುಮಾರ್ ಅವರ ಡೈಲಾಗ್ ಕೇಳಿದ್ರೆ ಕೊನೇ ಅಕ್ಷರ ಎಷ್ಟು ಸ್ಪಷ್ಟವಾಗಿ ಬೀಳುತ್ತೆ ನೋಡಿ, ಅವರೂ ಇದೇ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದೋರು. ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಅಲ್ಲಿಂದ ಬಂದೋರೇ. ಆಮೇಲೆ ದೊಡ್ಡ ರಂಗನಿರ್ದೇಶಕರಾದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರಿದ್ದೂ ಇಲ್ಲೇ, ಆಮೇಲೆ ಓದೋಕೆ ಅಂತ ಕಾಶಿಗೆ ಕಳ್ಸಿದ್ದೂ ವೀರಣ್ಣನವರೇ.

ಇಷ್ಟು ಕಲಿತ ಮೇಲೂ ಜಯಶ್ರೀ ಅವರು ದೆಹಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾಗೆ (ಎನ್‌ಎಸ್‌ಡಿ) ಹೋಗ್ತಾರೆ. ನನಗೆ ಇದು ಅವರ ಬದುಕಿನಲ್ಲೇ ಅತಿ ಧೈರ್ಯದ ಕೆಲಸ ಅನ್ಸುತ್ತೆ. ಅಷ್ಟು ದೊಡ್ಡ ಕಂಪನಿ ಮನೆತನದ ಹುಡುಗಿ, ನಾಟಕ ನನಗೆ ಬರುತ್ತೆ ಅಂತ ಇದ್ದುಬಿಟ್ಟಿದ್ರೆ ಯಾರೂ ಏನೂ ಅನ್ತಿರಲಿಲ್ಲ.

ಆಗ ಎನ್‌ಎಸ್‌ಡಿ ಡೈರೆಕ್ಟರ್ ಇಬ್ರಾಹಿಂ ಆಲ್ಕಾಜಿ. ಲಂಡನ್‌ನ ರಾಡಾ ಅನ್ನೋ ಹೆಸರಾಂತ ನಾಟಕ ಶಾಲೆಯಲ್ಲಿ ಕಲಿತು ಬಂದೋರು, 1962ರಿಂದ 1977ರವರೆಗೆ ಸ್ಕೂಲ್ ನಡೆಸಿದೋರು. ಅವರ ಶಿಸ್ತಿನ ಬಗ್ಗೆ ಅಲ್ಲಿ ಓದಿದವರೆಲ್ಲ ಇವತ್ತಿಗೂ ಮಾತಾಡ್ತಾರೆ, ಸ್ಟೇಜ್ ಗುಡಿಸೋದ್ರಿಂದ ಹಿಡಿದು ಕಾಸ್ಟ್ಯೂಮ್ ಇಸ್ತ್ರಿವರೆಗೆ ಎಲ್ಲವೂ ಪಾಠನೇ. ಮೂರು ವರ್ಷದ ಕೋರ್ಸು. ಗ್ರೀಕ್ ನಾಟಕ, ಶೇಕ್ಸ್‌ಪಿಯರ್, ಸಂಸ್ಕೃತ ನಾಟಕ, ಹೊಸ ಭಾರತೀಯ ನಾಟಕಗಳು, ಜೊತೆಗೆ ಸೆಟ್ಟು, ಬೆಳಕು, ಮೇಕಪ್, ದೇಹದ ತರಬೇತಿ. ನಾಟಕ ಶುರು ಮಾಡೋಕೆ ಮುಂಚೆ ಆ ಕಾಲದ ಚಿತ್ರಕಲೆ, ಬಟ್ಟೆ, ಕಟ್ಟಡ ಎಲ್ಲ ನೋಡಿ ಓದಿ ಬರಬೇಕು. ಒಂದು ಹೆಜ್ಜೆ ಇಟ್ರೂ ಯಾಕಿಟ್ಟೆ ಅಂತ ಹೇಳೋಕೆ ಬರಬೇಕು. ನಾಸಿರುದ್ದೀನ್ ಶಾ, ಓಂ ಪುರಿ ಅಲ್ಲಿಂದ ಹೊರಬಂದ 1973ರಲ್ಲೇ ಜಯಶ್ರೀ ಅವರದ್ದೂ ಪದವಿ ಆಗಿದ್ದು.

ಕಂಪನಿ ಪಾಠಕ್ಕೂ ಈ ಪಾಠಕ್ಕೂ ಎಷ್ಟು ದೂರ ಅಂತ ಒಂದು ಸಲ ಯೋಚ್ನೆ ಮಾಡಿ. ಕಂಪನಿಯಲ್ಲಿ ನಟ ಜನರ ಕಡೆ ಮುಖ ಮಾಡಿ ಮಾತಾಡ್ತಾನೆ, ಇಲ್ಲಿ ಎದುರಿಗಿರೋ ಪಾತ್ರದ ಕಣ್ಣು ನೋಡಿ ಮಾತಾಡು ಅಂತಾರೆ. ಅಲ್ಲಿ ಹಾಡು ಚೆನ್ನಾಗಿ ಬಂದ್ರೆ ವನ್ಸ್ ಮೋರ್ ಬೀಳುತ್ತೆ, ಸತ್ತು ಬಿದ್ದಿರೋ ಪಾತ್ರನೂ ಎದ್ದು ಇನ್ನೊಂದ್ಸಲ ಹಾಡ್ಬೇಕು, ಇಲ್ಲಿ ಆ ಥರ ಏನಾದ್ರೂ ಮಾಡಿದ್ರೆ ಆಚೆ ಕಳಿಸ್ತಾರೆ. ಅಲ್ಲಿ ಪಾತ್ರದ ಹಿಂದೆ ನಟನ ಹೆಸರು ಯಾವಾಗ್ಲೂ ಕಾಣ್ತಿರಬೇಕು, ಜನ ಬಂದಿರೋದೇ ವೀರಣ್ಣನನ್ನ ನೋಡೋಕೆ. ಇಲ್ಲಿ ನಟ ಕಾಣಬಾರದು, ಪಾತ್ರ ಕಾಣಬೇಕು. ಆ ಕಾಲದಲ್ಲಿ ಆಧುನಿಕ ರಂಗಭೂಮಿಯೋರಿಗೆ ಕಂಪನಿ ಅಂದ್ರೆ ಅಷ್ಟು ಗೌರವನೂ ಇರಲಿಲ್ಲ, 'ಕಂಪನಿ ಆ್ಯಕ್ಟಿಂಗ್' ಅನ್ನೋದು ಬೈಗುಳದ ಥರ ಇತ್ತು, ಈಗ್ಲೂ ಸ್ವಲ್ಪ ಇದೆ.

ಮತ್ತೆ ಕಾಲನೂ ಹಾಗೇ ತಿರುಗ್ತಿತ್ತು. 1972ರಲ್ಲಿ ಬೆಂಗಳೂರಲ್ಲಿ ಕಾರಂತರು 'ಜೋಕುಮಾರಸ್ವಾಮಿ', 'ಸಂಕ್ರಾಂತಿ', 'ಈಡಿಪಸ್' ಆಡಿಸಿ ಹವ್ಯಾಸಿ ರಂಗಭೂಮಿಗೆ ಹೊಸ ಜೀವ ತಂದ್ರು. ಅದೇ 1972ರಲ್ಲಿ ವೀರಣ್ಣನವರು ತೀರಿಕೊಂಡ್ರು. ಮೊಮ್ಮಗಳು ಆಗಿನ್ನೂ ದೆಹಲಿಯಲ್ಲಿ ಕಲೀತಿದ್ದ ವರ್ಷ ಅದು. ವಾಪಸ್ ಬರೋ ಹೊತ್ತಿಗೆ ತಾತ ಇಲ್ಲ, ತಾತನ ಕಾಲದ ನಾಟಕ ಹಳೇದಾಯ್ತು ಅಂತ ಎಲ್ಲರೂ ಹೇಳ್ತಿರೋ ಊರು.

ಇಲ್ಲೇ ನೋಡಿ ನನಗೆ ಅವರು ಬೇರೆಯವರಿಗಿಂತ ಬೇರೆ ಅನ್ಸೋದು. ದೆಹಲಿಯಿಂದ ಬಂದೋರು ಕಂಪನಿಯನ್ನ ಮೈಯಿಂದ ಕೊಡವಿಕೊಂಡು ಬಿಡಬಹುದಿತ್ತು, ಮಾಡ್ಲಿಲ್ಲ. ಕಾರಂತರ ಜೊತೆ ಕೆಲಸ ಮಾಡಿದ್ರು, ಕಾರಂತರೂ ಗುಬ್ಬಿ ಕಂಪನಿ ನೋಡಿ ಆಮೇಲೆ ಎನ್‌ಎಸ್‌ಡಿ ಕಲಿತೋರು, ಅಂದ್ರೆ ಇಬ್ಬರೂ ಬಂದಿದ್ದು ಒಂದೇ ದಾರಿಯಲ್ಲಿ. ಕಾರಂತರ ನಾಟಕದಲ್ಲಿ ಹಾಡು ಮಾತಿನಿಂದಲೇ ಎದ್ದು ಬರುತ್ತೆ, ನಟರೇ ಹಾಡ್ತಾರೆ, ಮೇಳನೂ ಪಾತ್ರ ಆಗುತ್ತೆ. ಕಂಪನಿಯಲ್ಲಿ ಹಾಡು ಕಲಿತಿದ್ದ ಗಂಟಲಿಗೆ ಅಲ್ಲಿ ಹೊಸ ಕೆಲಸ ಸಿಕ್ತು. ಆಮೇಲೆ 1976ರಲ್ಲಿ ತಮ್ಮದೇ 'ಸ್ಪಂದನ' ತಂಡ ಕಟ್ಟಿದ್ರು. ಜಾನಪದ ಕಥೆ ಇಟ್ಕೊಂಡು 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿಯಿಂದ 'ಕರಿಮಾಯಿ', ಇವೆಲ್ಲ ಅವರೇ ನಿರ್ದೇಶನ ಮಾಡಿದ್ದು. 'ಕರಿಮಾಯಿ' ನೋಡಿದೋರಿಗೆ ಗೊತ್ತು, ಶಿವಾಪುರ ಅನ್ನೋ ಇಡೀ ಊರನ್ನ ಹಾಡು ಕುಣಿತದಲ್ಲೇ ಎಬ್ಬಿಸಿ ನಿಲ್ಲಿಸ್ತಾರೆ, ಗುಂಪಿನ ಪ್ರತಿಯೊಬ್ಬರೂ ಎಲ್ಲಿ ನಿಂತಿದ್ದಾರೆ ಯಾಕೆ ನಿಂತಿದ್ದಾರೆ ಅನ್ನೋ ಲೆಕ್ಕ ಆಲ್ಕಾಜಿ ಸ್ಕೂಲಿಂದು, ಆ ಹಾಡಿನ ಎದೆಗಾರಿಕೆ ಕಂಪನಿದು.

ಈಗ 'ಸದಾರಮೆ'ಗೆ ಬರ್ತೀನಿ, ಇದನ್ನ ಬರೀಬೇಕು ಅಂತಲೇ ಇಷ್ಟು ದೂರ ಬಂದಿದ್ದು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಈ ನಾಟಕ ಗುಬ್ಬಿ ಕಂಪನಿಗೆ ದೊಡ್ಡ ಹೆಸರು ತಂದಿದ್ದು. ಅದ್ರಲ್ಲಿ ಸದಾರಮೆಯನ್ನ ಹೊತ್ಕೊಂಡು ಹೋಗೋ ಕಳ್ಳನ ಪಾತ್ರ ವೀರಣ್ಣನವರದ್ದು, ಜನ ಅದನ್ನ ನೋಡೋಕೇ ಬರ್ತಿದ್ರಂತೆ. ಜಯಶ್ರೀ ಅವರು 'ಸದಾರಮೆ'ಯನ್ನ ಸ್ಪಂದನದಿಂದ ಮತ್ತೆ ರಂಗಕ್ಕೆ ತಂದಾಗ ಆ ಕಳ್ಳನ ಪಾತ್ರವನ್ನ ತಾವೇ ಮಾಡಿದ್ರು. ಹೆಣ್ಣುಮಗಳು, ತಾತನ ಕಳ್ಳ. ಒಂದು ಕಾಲದಲ್ಲಿ ಹೆಣ್ಣುಪಾತ್ರಕ್ಕೂ ಗಂಡಸರೇ ಸೀರೆ ಉಡ್ತಿದ್ದ ರಂಗಭೂಮಿ ಇದು, ಸ್ಟೇಜಿಗೆ ಹೆಣ್ಣುಮಕ್ಕಳನ್ನ ಕರೆತಂದಿದ್ದಕ್ಕೆ ವೀರಣ್ಣನವರನ್ನ ಇವತ್ತಿಗೂ ನೆನೀತಾರೆ. ಆ ಮನೆಯ ಮೊಮ್ಮಗಳು ಕಳ್ಳನಾಗಿ ಬಂದ್ರೆ ಹೇಗಿರಬೇಡ.

ನಾನು ನೋಡಿದಾಗ ಸೀಟು ಮುಂದೆನೇ ಸಿಕ್ಕಿತ್ತು, ಹಾಗಾಗಿ ಕಣ್ಣು ಪೂರ್ತಿ ಅವರ ಮೇಲೆ. ಗಂಡಸಿನ ಪಾತ್ರ ಅಂತ ದನಿ ದಪ್ಪ ಮಾಡಿ ಎದೆ ಉಬ್ಬಿಸಿ ನಡೆಯೋದು ಸುಲಭದ ದಾರಿ, ನಮ್ಮಲ್ಲಿ ಎಷ್ಟೋ ಜನ ಮಾಡೋದೇ ಅದು. ಇವರು ಅದೇನೂ ಮಾಡ್ಲಿಲ್ಲ. ಭಾರ ಎಲ್ಲ ಮಂಡಿಗೆ ಇಳಿಸ್ಕೊಂಡು ನಿಂತ್ರು, ಅಷ್ಟೇ, ಇಡೀ ಮನುಷ್ಯನೇ ಬದಲಾದ ಹಾಗೆ ಕಾಣ್ತು. ನಗು ತಗೊಳ್ಳೋ ರೀತಿ ಇನ್ನೂ ಚೆಂದ. ಒಂದು ಮಾತು ಎಸೀತಾರೆ, ಹಾಲ್ ನಗುತ್ತೆ, ಆ ನಗು ಮೇಲೆ ಹೋಗೋವರೆಗೂ ಸುಮ್ನೆ ಇರ್ತಾರೆ, ಇಳಿಯೋಕೆ ಶುರುವಾಯ್ತು ಅನ್ನೋವಾಗ, ಪೂರ್ತಿ ಇಳಿಯೋಕೆ ಬಿಡದೆ, ಮುಂದಿನ ಮಾತು. ಹಾಗಾಗಿ ಎರಡನೇ ನಗು ಮೊದಲನೇದರ ಹೆಗಲ ಮೇಲೆ ಕೂತ್ಕೊಂಡು ಬರುತ್ತೆ. ಇದನ್ನ ಯಾವ ಪುಸ್ತಕ ಓದಿ ಕಲಿಯೋಕಾಗುತ್ತೆ ಹೇಳಿ? ರಸ್ತೆ ಪರದೆ ಮುಂದೆ ನಿಂತು ಒಂದು ಕಿವಿ ಹಿಂದಕ್ಕೆ ಇಟ್ಕೊಂಡು ಆಡಿದೋರನ್ನ ದಿನಾ ನೋಡಿ ಬೆಳೆದೋರಿಗೆ ಮಾತ್ರ ಬರೋದು. ಅದೇ ಹೊತ್ತಲ್ಲಿ ಸದಾರಮೆ ಪಾತ್ರ ಮಾತಾಡೋವಾಗ ಇವರು ಮಾಡೋ ಕೆಲಸ ನೋಡಬೇಕು, ಪೂರ್ತಿ ಸುಮ್ಮನಾಗಿ ಕೇಳಿಸ್ಕೋತಾರೆ, ಗಮನ ತಮ್ಮ ಕಡೆ ಎಳ್ಕೊಳ್ಳಲ್ಲ. ಸ್ಟಾರ್ ನಟರು ಇದನ್ನ ಮಾಡಲ್ಲ. ಇದು ದೆಹಲಿಯಲ್ಲಿ ಕಲಿತ ಪಾಠ ಅಂತ ನನ್ನ ನಂಬಿಕೆ.

ಕಳ್ಳನ ಪಾತ್ರ ಮಾಡಿದ ಇದೇ ನಟಿ ಟಿ.ಎಸ್. ನಾಗಾಭರಣ ಅವರ 'ನಾಗಮಂಡಲ' ಸಿನಿಮಾದಲ್ಲಿ (1997) ಕುರುಡವ್ವ. ಕ್ಯಾಮೆರಾ ಮುಖದ ಹತ್ರನೇ ಇದೆ, ಎಸೆಯೋ ದನಿ ಅಲ್ಲಿ ಬೇಕಿಲ್ಲ, ಕಣ್ಣನ್ನ ಬಳಸೋ ಹಾಗೂ ಇಲ್ಲ. ಉಳಿದಿದ್ದು ಕತ್ತು, ಬೆರಳು, ಮಾತಿನ ಲಯ. ಅಷ್ಟರಲ್ಲೇ ಆ ಮುದುಕಿ ನಮ್ಮೂರಿನವಳೇ ಅನ್ನೋ ಹಾಗೆ ಕೂತ್ಬಿಡ್ತಾಳೆ. ಸ್ಟೇಜ್ ನಟರು ಸಿನಿಮಾಗೆ ಬಂದ್ರೆ ಜಾಸ್ತಿ ಮಾಡ್ತಾರೆ ಅನ್ನೋ ಮಾತಿದೆಯಲ್ಲ, ಹಾಗೆ ಹೇಳೋರಿಗೆ ನಾನು ಈ ಪಾತ್ರ ನೋಡಿ ಅಂತೀನಿ.

ಇನ್ನೊಂದು ಕಡೆ ಅವರು ಮುಖನೇ ಇಲ್ಲದೆ ಕೆಲಸ ಮಾಡಿದ್ದಾರೆ, ಡಬ್ಬಿಂಗ್. ಕನ್ನಡ ಸಿನಿಮಾದ ಎಷ್ಟೋ ನಾಯಕಿಯರಿಗೆ ಅವರದ್ದೇ ದನಿ, ನಾವು ಗೊತ್ತಿಲ್ಲದೇ ಎಷ್ಟು ಸಲ ಕೇಳಿದ್ದೀವೋ. ಬೇರೆಯವರ ತುಟಿಗೆ, ಬೇರೆಯವರ ಉಸಿರಿಗೆ ತಮ್ಮ ದನಿ ಹೊಂದಿಸೋದು, ಒಂದು ಕತ್ತಲೆ ರೂಮಲ್ಲಿ ಮೈಕ್ ಮುಂದೆ ನಿಂತು, ಕೈ ಬೀಸೋ ಹಾಗಿಲ್ಲ, ಜನರ ನಗು ಇಲ್ಲ, ಏನೂ ಇಲ್ಲ. ದೊಡ್ಡ ಥಿಯೇಟರ್ ತುಂಬೋ ಗಂಟಲು ಇರೋರಿಗೆ ಇದು ಹಿಂಸೆ ಆಗ್ಬೇಕಿತ್ತು, ಅವರು ಅದನ್ನೂ ಪಳಗಿಸ್ಕೊಂಡ್ರು. ಮತ್ತೆ 2001ರಲ್ಲಿ 'ನನ್ನ ಪ್ರೀತಿಯ ಹುಡುಗಿ' ಬಂತು, ಮನೋ ಮೂರ್ತಿ ಸಂಗೀತ, ಆ 'ಕಾರ್ ಕಾರ್' ಹಾಡು ಎಲ್ಲರ ಬಾಯಲ್ಲೂ ಇತ್ತು. ಎಷ್ಟೋ ಜನಕ್ಕೆ ಅದನ್ನ ಹಾಡಿದ್ದು ಇವರು ಅಂತಲೇ ಗೊತ್ತಿಲ್ಲ. ಇನ್ನೊಂದ್ಸಲ ಕೇಳಿ ನೋಡಿ, ಸಂಗತಿ ಹಾಕೋ, ಅಂದ್ರೆ ಒಂದೇ ಸಾಲನ್ನ ಬೇರೆ ಬೇರೆ ಥರ ತಿರುಗಿಸಿ ಹಾಡೋ ಆತುರ ಎಲ್ಲೂ ಇಲ್ಲ, ಒಂದು ಪಾತ್ರ ನಿಂತು ಸುತ್ತ ನೋಡಿ ಮಾತಾಡ್ತಿದೆ, ಆ ಮಾತು ಶ್ರುತಿಯಲ್ಲಿದೆ ಅಷ್ಟೇ. ರಂಗಗೀತೆ ಹಾಡೋರ ಹಾಡು ಅದು.

ಪ್ರಶಸ್ತಿಗಳ ವಿಷಯ ಬೇಗ ಹೇಳಿ ಮುಗಿಸ್ತೀನಿ, 1996ರಲ್ಲಿ ಸಂಗೀತ ನಾಟಕ ಅಕಾಡೆಮಿ, 2009ರಲ್ಲಿ ಮೈಸೂರು ರಂಗಾಯಣದ ನಿರ್ದೇಶಕಿ, 2010ರಿಂದ 2016ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆ, 2013ರಲ್ಲಿ ಪದ್ಮಶ್ರೀ. ತಾತನಿಗೆ ಪದ್ಮಶ್ರೀ ಬಂದಿದ್ದು 1972ರಲ್ಲಿ.

ಈಗಿನ ಹುಡುಗ್ರು ಹುಡುಗೀರು ನಮ್ಮ ತಂಡಕ್ಕೆ ಬಂದಾಗ ನನ್ನ ಕೇಳ್ತಾರೆ, ಆ್ಯಕ್ಟಿಂಗ್ ಎಲ್ಲಿ ಕಲೀಬಹುದು ಸರ್ ಅಂತ. ಜಾಗಕ್ಕೇನೂ ಬರ ಇಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಸಾಣೇಹಳ್ಳಿಯಲ್ಲಿದೆ, ಮೈಸೂರು ರಂಗಾಯಣದಲ್ಲಿದೆ, ಬೆಂಗಳೂರಲ್ಲೇ ಎನ್‌ಎಸ್‌ಡಿ ಕೇಂದ್ರ ಇದೆ. ಪಾಠ ಸಿಗುತ್ತೆ, ಒಳ್ಳೆ ಪಾಠನೇ ಸಿಗುತ್ತೆ. ಸಿಗದೇ ಇರೋದು ಕಂಪನಿ ಕೊಡ್ತಿದ್ದ ಇನ್ನೊಂದು ಅರ್ಧ, ಅಂದ್ರೆ ಒಂದೇ ಪಾತ್ರವನ್ನ ಸಾಲಾಗಿ ಎಷ್ಟೋ ರಾತ್ರಿ ಬೇರೆ ಬೇರೆ ಊರಿನ ಜನರ ಮುಂದೆ ಆಡೋ ಅವಕಾಶ. ನಮ್ಮಂಥ ಹವ್ಯಾಸಿ ತಂಡದಲ್ಲಿ ಎರಡು ತಿಂಗಳು ರಿಹರ್ಸಲ್ ಮಾಡ್ತೀವಿ, ಶನಿವಾರ ಭಾನುವಾರ ಶೋ, ಆಮೇಲೆ ಸೆಟ್ಟು ಬಿಚ್ಚಿ ಗೋಡೌನ್‌ಗೆ. ಪಾತ್ರ ಮೈಗೆ ಹತ್ತೋ ಹೊತ್ತಿಗೆ ನಾಟಕನೇ ಮುಗಿದಿರುತ್ತೆ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ, ಇವೆರಡರಲ್ಲಿ ಊರೂರು ಸುತ್ತಿ ಬಂದ ನಟರಲ್ಲಿ ಏನೋ ಒಂದು ಗಟ್ಟಿತನ ಕಾಣೋದು ಇದಕ್ಕೇ. ಹಾಗಾಗಿ ಕೇಳಿದೋರಿಗೆಲ್ಲ ನಾನು ಹೇಳೋದು, ಕೋರ್ಸ್ ಮಾಡಿ, ಜೊತೆಗೆ ಒಂದು ವರ್ಷನಾದ್ರೂ ತಿರುಗೋ ತಂಡಕ್ಕೆ ಸೇರ್ಕೊಳ್ಳಿ, ಸಂಬಳ ಕಡಿಮೆ, ನಿದ್ದೆ ಬಸ್ಸಲ್ಲಿ, ಆದ್ರೂ ಸೇರ್ಕೊಳ್ಳಿ.

ಕೊನೇದಾಗಿ ಒಂದು ಬೇಡಿಕೆ, ಅಕಾಡೆಮಿಯೋರು, ಯೂನಿವರ್ಸಿಟಿಯೋರು, ಡಾಕ್ಯುಮೆಂಟರಿ ಮಾಡೋ ಹುಡುಗ್ರು ಯಾರಾದ್ರೂ ಓದ್ತಿದ್ರೆ. ಜಯಶ್ರೀ ಅವರಿಗೆ ಶಾಲು ಹಾರ ಬೇಕಾದಷ್ಟು ಆಗಿದೆ, ಅವರ ಇಂಟರ್‌ವ್ಯೂಗಳೂ ಯೂಟ್ಯೂಬ್ ತುಂಬಾ ಇವೆ, ಎಲ್ಲದ್ರಲ್ಲೂ ಕೇಳೋದು ತಾತನ ನೆನಪು ಹೇಳಿ ಅಂತಲೇ. ಅದರ ಬದಲು ನಾಲ್ಕು ಜನ ಎಳೇ ನಟರನ್ನ, ಒಂದು ಹಾರ್ಮೋನಿಯಂ, ಒಂದು ತಬಲಾ ಇಟ್ಟು, ಅವರಿಗೆ ಪಾಠ ಮಾಡೋಕೆ ಹೇಳಿ, ಕ್ಯಾಮೆರಾ ಸುಮ್ನೆ ಆನ್ ಮಾಡಿಡಿ. ಕಳ್ಳ ಹೇಗೆ ನಿಲ್ತಾನೆ, ನಗು ಎಲ್ಲಿಗೆ ಬಂದಾಗ ಮುಂದಿನ ಮಾತು, ಹಾಡು ಎತ್ತೋ ಮುಂಚಿನ ಸಾಲನ್ನ ಯಾವ ಶ್ರುತಿಯಲ್ಲಿ ಬಿಡಬೇಕು, ತಪ್ಪಿದ್ರೆ ಹೇಗೆ ತಿದ್ತಾರೆ, ಇದೆಲ್ಲ ಗಂಟೆಗಟ್ಟಲೆ ರೆಕಾರ್ಡ್ ಆಗ್ಲಿ. ಎಡಿಟ್ ಕೂಡ ಬೇಡ. ಲೈಟಿಂಗ್‌ಗೆ ಜನ ಬೇಕಿದ್ರೆ ನಾನು ಬರ್ತೀನಿ, ದುಡ್ಡು ಬೇಡ.